ಇದ್ದದ್ದನ್ನೆಲ್ಲ ಮಾರಿ ಕೊಟ್ಟುಬಿಡೋಣ ಅಂತಾರೆ ನಮ್ಮ ಮನೆಯವರು. ನಾನು ತಡೆಯೋದು ತಪ್ಪಾ?

ಹಾಸನದ_ಮಗಳು | ಬುಧವಾರ ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ. ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಹಾಸನದ ಕಡೆ, ತಲೆಮಾರುಗಳಿಂದ ಕಥೋಲಿಕರು. ಈಗ ಬೆಂಗಳೂರಲ್ಲಿದ್ದೇವೆ. ನಮ್ಮ ಮನೆಯವರು ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ನಾನು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ.

ಈ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಇವರು ಮೂರು ದಿನದ ಧ್ಯಾನಕೂಟಕ್ಕೆ ಹೋಗಿ ಬಂದರು. ಬಂದ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯ ಓದಿದರು. ಒಬ್ಬ ಸಿರಿವಂತ ಓಡಿ ಬಂದು ಯೇಸುವಿನ ಮುಂದೆ ಮೊಣಕಾಲೂರಿ, ನಿತ್ಯಜೀವ ಸಿಗಬೇಕಾದರೆ ಏನು ಮಾಡಬೇಕು ಅಂತ ಕೇಳುತ್ತಾನಲ್ಲ, ಆ ಭಾಗ. ನಿನಗೆ ಒಂದೇ ಒಂದು ಕೊರತೆ, ಹೋಗಿ ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅನ್ನುತ್ತಾರೆ ಸ್ವಾಮಿ. ಅವನು ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಈ ಕಥೆ ಮತ್ತಾಯ, ಲೂಕರಲ್ಲೂ ಇದೆ. ಆದರೆ ಯೇಸು ಅವನನ್ನು ನೋಡಿ ಪ್ರೀತಿಸಿದರು ಅನ್ನುವ ಸಾಲು ಮಾರ್ಕನಲ್ಲಿ ಮಾತ್ರ. ಆ ಸಾಲಿಗೆ ಬಂದಾಗ ಇವರಿಗೆ ಗಂಟಲು ಕಟ್ಟಿತು. ಮುಂದೆ ಓದಲು ಆಗಲಿಲ್ಲ. ಮಗಳು ಪುಸ್ತಕ ಇಸಕೊಂಡು ಓದಿ ಮುಗಿಸಿದಳು.

ಮಾರನೇ ದಿನ ಹೇಳಿದರು, "ಸೈಟು ಮಾರಿಬಿಡೋಣ. ಕಾರು, ಒಡವೆ, ಎಫ್‌ಡಿ, ಎಲ್ಲಾ. ಹಳ್ಳಿಯಲ್ಲಿ ಒಂದು ಬಾಡಿಗೆ ಮನೆ ಮಾಡಿ ಸೇವೆ ಮಾಡೋಣ." 2016ರಲ್ಲಿ ಸಾಲ ಮಾಡಿ ಕೊಂಡ 30-40 ಸೈಟು ಅದು. ಇಬ್ಬರ ಹೆಸರಲ್ಲೂ ಇದೆ. ಸಾಲ ತೀರಿದ್ದು ಹೋದ ವರ್ಷ. ಒಡವೆಯಲ್ಲಿ ನಮ್ಮಮ್ಮ ಕೊಟ್ಟ ಎರಡೆಳೆ ಸರವೂ ಇದೆ.

ನಮ್ಮ ಮನೆಯವರು ಕೆಟ್ಟವರಲ್ಲ, ಅವಸರದವರೂ ಅಲ್ಲ. ಹದಿನೇಳು ವರ್ಷದಲ್ಲಿ ನನ್ನ ಮೇಲೆ ಒಮ್ಮೆಯೂ ಕೂಗಾಡಿಲ್ಲ. ಅವರ ಮುಖದಲ್ಲಿ ಈಗ ಒಂದು ಬೆಳಕಿದೆ, ಅದು ಸುಳ್ಳಲ್ಲ ಅಂತ ನನಗೇ ಗೊತ್ತಾಗುತ್ತದೆ. ಅದಕ್ಕೇ ಜಾಸ್ತಿ ಹೆದರಿಕೆ. ನಾನು ಬೇಡ ಅಂದರೆ ಆ ಸಿರಿವಂತನ ಹಾಗೆ ಮುಖ ಬಾಡಿಸಿಕೊಂಡು ಹೋಗುವವಳು ನಾನೇನಾ? ಧ್ಯಾನಕೂಟ ನಡೆಸಿದ ತಂಡದವರೊಬ್ಬರು ಎರಡು ಸಲ ಫೋನ್ ಮಾಡಿ, ಕೊಡುವುದಾದರೆ ನಮ್ಮ ಸೇವೆಗೇ ಕೊಡಿ ಅಂದಿದ್ದಾರೆ. ಅದೂ ಮನಸ್ಸಿಗೆ ಸರಿಬರುತ್ತಿಲ್ಲ.

ಇಂಥದ್ದನ್ನು ಕಂಡವರು, ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ.

---

ಹಾದಿಹೋಕ | ಬುಧವಾರ ರಾತ್ರಿ 11:52

ಸಹೋದರಿ, ನೇರವಾಗಿ ಹೇಳುತ್ತೇನೆ. ದೇವರು ಕರೆದಾಗ ಲೆಕ್ಕ ಹಾಕುತ್ತಾ ಕೂರಬಾರದು. ಲೂಕನ 9ನೇ ಅಧ್ಯಾಯದಲ್ಲಿ ಒಬ್ಬ, ಮನೆಯವರಿಗೆ ಹೇಳಿ ಬರುತ್ತೇನೆ ಸ್ವಾಮಿ ಅನ್ನುತ್ತಾನೆ. ನೇಗಿಲಿಗೆ ಕೈಹಾಕಿ ಹಿಂದೆ ನೋಡುವವನು ಯೋಗ್ಯನಲ್ಲ ಅಂತ ಉತ್ತರ ಬರುತ್ತದೆ. ಉಳುಮೆ ಮಾಡಿದವರಿಗೆ ಇದು ಗೊತ್ತು. ಹಿಂದೆ ತಿರುಗಿದರೆ ಸಾಲು ಸೊಟ್ಟಗಾಗುತ್ತದೆ. ನಿಮ್ಮ ಯಜಮಾನರ ಜೊತೆ ನಿಲ್ಲಿ. ಇವತ್ತು ಮುಂದಕ್ಕೆ ಹಾಕಿದರೆ ನಾಳೆ ಆ ಮನಸ್ಸು ಇರುವುದಿಲ್ಲ.

---

ಬೆಟಗೇರಿ_ಮಗಳು | ಗುರುವಾರ ಬೆಳಗ್ಗೆ 6:30

ತಂಗೀ, ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನಗೀಗ 61 ವರ್ಷ. ನಮ್ಮಪ್ಪ ಅಯ್ಯನವರಾಗಿದ್ದರು, ಅಂದರೆ ಚರ್ಚಿನ ಪಾಸ್ಟರ್. ಉತ್ತರ ಕರ್ನಾಟಕದ ಸಣ್ಣ ಸಣ್ಣ ಸಭೆಗಳಲ್ಲಿ ಇಡೀ ಆಯುಷ್ಯ ಸೇವೆ ಮಾಡಿದರು. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ನಮ್ಮ ಸಾಮಾನೆಲ್ಲ ಒಂದು ಚಕ್ಕಡಿಯಲ್ಲಿ ಹಿಡಿಯುತ್ತಿತ್ತು. ಅಪ್ಪನ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಚಳಿಗಾಲದಲ್ಲಿ ಯಾರಾದರೂ ನಡುಗುತ್ತಾ ಬಂದರೆ ನಮ್ಮ ಕಂಬಳಿ ಹೋಗುತ್ತಿತ್ತು. ನಾವು ಮಕ್ಕಳು ಅದನ್ನು ಹೆಮ್ಮೆ ಅಂತಲೇ ತಿಳಿದಿದ್ದೆವು. ಈಗಲೂ ಹೆಮ್ಮೆಯೇ.

ಅಮ್ಮನ ಹತ್ತಿರ ಒಂದು ಹೊಲಿಗೆ ಯಂತ್ರ ಇತ್ತು. ಕಾಲಿನಿಂದ ತುಳಿಯುವಂಥದ್ದು. ತವರಿನವರು ಕೊಡಿಸಿದ್ದು. ಒಂದು ವರ್ಷ ಸುಗ್ಗಿ ಹಬ್ಬದಲ್ಲಿ, ಎಲ್ಲರೂ ಜೋಳ, ಕುಂಬಳಕಾಯಿ, ಕೋಳಿ ತಂದು ಏಲಂಗೆ ಇಡುತ್ತಿರುವಾಗ, ಅಪ್ಪ ಎದ್ದು ನಿಂತು ಆ ಯಂತ್ರವನ್ನು ಗಂಡ ಸತ್ತ ಒಬ್ಬ ಹೆಣ್ಣುಮಗಳಿಗೆ ಕೊಡುವುದಾಗಿ ಹೇಳಿಬಿಟ್ಟರು. ಸಭೆಯೆಲ್ಲ ಸ್ತೋತ್ರ ಸ್ತೋತ್ರ ಅಂದಿತು. ಅಮ್ಮ ಹಿಂದಿನ ಚಾಪೆಯಲ್ಲಿ ಕೂತಿದ್ದಳು. ನಾನು ಅವಳ ಪಕ್ಕ ಇದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುತ್ತುತ್ತಾ ಇದ್ದಳು, ಅಷ್ಟೇ.

ಅಪ್ಪ ತೀರಿಹೋದ ಎಷ್ಟೋ ವರ್ಷದ ಮೇಲೆ ನಾನೇ ಕೇಳಿದೆ, ಅವತ್ತು ನಿನಗೆ ಸಿಟ್ಟು ಬರಲಿಲ್ಲವೇನವ್ವಾ ಅಂತ. ಅವಳು ಅಂದದ್ದು ಇಷ್ಟು: "ಆ ಹುಡುಗಿಗೆ ಕೊಡಬೇಕು ಅಂತ ನನಗೂ ಇತ್ತು. ಕೇಳಿದ್ದರೆ ನಾನೇ ಕೊಡ್ತಿದ್ದೆ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಪ್ಪ ಕೊಟ್ಟದ್ದು ಒಳ್ಳೆಯದನ್ನೇ. ಆದರೆ ಕೊಡುವ ಸಂತೋಷವನ್ನು ಅಮ್ಮನಿಂದ ಕಿತ್ತುಕೊಂಡರು. ನಿನ್ನ ಯಜಮಾನರು ನಿನ್ನನ್ನು ಕೇಳಿದರಾ, ಇಲ್ಲಾ ಹೇಳಿದರಾ? ಅದು ಮುಖ್ಯ, ತಂಗೀ.

---

ಓದುಗ71 | ಗುರುವಾರ ಮಧ್ಯಾಹ್ನ 1:15

ಬೆಟಗೇರಿ ಅಕ್ಕ ಕೇಳಿದ ಪ್ರಶ್ನೆ ಸಾವಿರಾರು ವರ್ಷದಿಂದ ಇದೆ. ನಾನು ನಿವೃತ್ತ ಇತಿಹಾಸ ಮೇಷ್ಟ್ರು. ಎರಡು ಕಥೆ ಹೇಳಬೇಕು ಅನ್ನಿಸುತ್ತಿದೆ.

ಮೊದಲನೆಯದು ಈಜಿಪ್ಟಿನ ಅಂತೋಣಿ. ನೀವು ಮಂಗಳವಾರ ನೊವೇನ ಪ್ರಾರ್ಥನೆ ಮಾಡುವ ಪಾದುವಾದ ಸಂತ ಅಂತೋಣಿ ಅಲ್ಲ, ಅವರಿಗಿಂತ ಸುಮಾರು 900 ವರ್ಷ ಹಿಂದಿನವರು. ಹುಟ್ಟಿದ್ದು 251ರ ಹೊತ್ತಿಗೆ. ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಇವರು ಮತ್ತು ಒಬ್ಬ ಚಿಕ್ಕ ತಂಗಿ. ಒಂದು ದಿನ ಚರ್ಚಿಗೆ ಹೋದಾಗ ಇದೇ ಸಿರಿವಂತನ ಕಥೆ ಓದುತ್ತಿದ್ದರು. ತನಗೇ ಹೇಳಿದ್ದು ಅನ್ನಿಸಿತು. ಹೊರಗೆ ಬಂದವರೇ 300 ಅರೂರ ಜಮೀನನ್ನು ಊರವರಿಗೆ ಕೊಟ್ಟುಬಿಟ್ಟರು. ಅರೂರ ಅಂದರೆ ಅಲ್ಲಿನ ಅಳತೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 200 ಎಕರೆ, ಅದೂ ಒಳ್ಳೆ ಫಲವತ್ತಾದ ಭೂಮಿ. ಮನೆಯ ಸಾಮಾನು ಮಾರಿ ಬಂದ ಹಣವನ್ನೂ ಬಡವರಿಗೆ ಹಂಚಿದರು. ತಂಗಿಗೆ ಅಂತ ಸ್ವಲ್ಪ ಇಟ್ಟಿದ್ದರು. ಇನ್ನೊಂದು ದಿನ ಚರ್ಚಿನಲ್ಲಿ, ನಾಳೆಯ ಚಿಂತೆ ಮಾಡಬೇಡಿ ಅನ್ನುವ ವಾಕ್ಯ ಕೇಳಿ ಅದನ್ನೂ ಕೊಟ್ಟರು. ತಂಗಿಯನ್ನು ಕನ್ಯಾವ್ರತ ಹಿಡಿದ ಹೆಂಗಸರ ಕೈಗೆ ಒಪ್ಪಿಸಿ ತಪಸ್ಸಿಗೆ ಹೊರಟರು. 356ರಲ್ಲಿ ತೀರಿಕೊಂಡಾಗ 105 ವರ್ಷ ಅಂತ ಹೇಳುತ್ತಾರೆ. ಕ್ರೈಸ್ತ ಸನ್ಯಾಸಿಗಳು ಅವರನ್ನು ತಂದೆ ಅಂತ ಕರೆಯುತ್ತಾರೆ. ದೊಡ್ಡ ಜೀವ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚಿಕ್ಕ ಹುಡುಗಿಗೆ ಏನು ಅನ್ನಿಸಿತು ಅಂತ ಯಾರೂ ಬರೆದಿಟ್ಟಿಲ್ಲ. ಪಾಠ ಮಾಡುವಾಗಲೆಲ್ಲ ನನಗೆ ಅವಳೇ ನೆನಪಾಗುತ್ತಿದ್ದಳು.

ಎರಡನೆಯದು ಫ್ರಾನ್ಸಿನ ಲಿಯೋನ್ ಪಟ್ಟಣದ ವಾಲ್ಡೋ. 1173ರ ಸುಮಾರು. ದೊಡ್ಡ ವ್ಯಾಪಾರಿ, ಬಡ್ಡಿ ವ್ಯವಹಾರದಲ್ಲಿ ದುಡ್ಡು ಮಾಡಿದವನು. ಅವನಿಗೂ ಇದೇ ವಾಕ್ಯ ಚುಚ್ಚಿತು. ಹೆಂಡತಿಯನ್ನು ಕರೆದು, ಸ್ಥಿರಾಸ್ತಿ ಬೇಕಾ, ಚರಾಸ್ತಿ ಬೇಕಾ, ಯಾವುದಾದರೂ ಒಂದು ಇಟ್ಟುಕೋ ಅಂದ. ಅವಳು ದುಃಖದಲ್ಲೇ ಮನೆ, ಹೊಲ, ದ್ರಾಕ್ಷಿ ತೋಟ, ಗಿರಣಿ ಇಟ್ಟುಕೊಂಡಳು. ಉಳಿದದ್ದರಲ್ಲಿ ತಾನು ಅನ್ಯಾಯವಾಗಿ ಯಾರಿಂದ ಕಸಿದಿದ್ದನೋ ಅವರಿಗೆ ವಾಪಸ್ ಕೊಟ್ಟ. ಇಬ್ಬರು ಹೆಣ್ಣುಮಕ್ಕಳನ್ನು ತಾಯಿಗೆ ತಿಳಿಸದೆ ಫಾಂತೆವ್ರೊ ಕಾನ್ವೆಂಟಿಗೆ ಸೇರಿಸಿದ. ಆಗ ಅಲ್ಲಿ ಬರ. ಪೆಂತೆಕೋಸ್ತ್ ಹಬ್ಬದಿಂದ ಆಗಸ್ಟ್ 1ರವರೆಗೆ ವಾರಕ್ಕೆ ಮೂರು ದಿನ ಬಂದವರಿಗೆಲ್ಲ ರೊಟ್ಟಿ, ಸಾರು, ಮಾಂಸ ಹಾಕಿಸಿದ. ಉಳಿದ ಹಣವನ್ನು ಬೀದಿಯಲ್ಲಿ ಹಂಚಿದ.

ಮುಂದಿನದು ಕೇಳಿ. ಎಲ್ಲ ಕೊಟ್ಟಾದ ಮೇಲೆ ವಾಲ್ಡೋ ಒಬ್ಬ ಹಳೇ ಸ್ನೇಹಿತನ ಮನೆಗೆ ಹೋಗಿ ಊಟ ಬೇಡಿದ. ಅದು ಹೆಂಡತಿಯ ಕಿವಿಗೆ ಬಿತ್ತು. ಅವಳು ಅಳುತ್ತಾ ಆರ್ಚ್‌ಬಿಷಪ್ ಹತ್ತಿರ ಓಡಿದಳು. ನನ್ನ ಗಂಡ ಬೇರೆಯವರ ಮನೆಯಲ್ಲಿ ತುತ್ತು ಬೇಡುತ್ತಿದ್ದಾನೆ ಅಂದಳು. ಅವನನ್ನು ಕರೆಸಿದಾಗ ಅವನ ಬಟ್ಟೆ ಹಿಡಿದೆಳೆದು ಕೇಳಿದಳು: ಪರರು ನಿನಗೆ ಅನ್ನ ಹಾಕಿ ಪುಣ್ಯ ಕಟ್ಟಿಕೊಳ್ಳುವುದಕ್ಕಿಂತ, ನಾನು ಹಾಕಿ ನನ್ನ ಪಾಪ ಕಳೆದುಕೊಳ್ಳಬಾರದಾ? ಅಲ್ಲಿದ್ದವರೆಲ್ಲ ಕಣ್ಣೀರು ಹಾಕಿದರಂತೆ. ಈ ಊರಿನಲ್ಲಿ ನಿನ್ನ ಹೆಂಡತಿಯ ಹತ್ತಿರ ಬಿಟ್ಟು ಬೇರೆ ಎಲ್ಲೂ ಉಣ್ಣಬೇಡ ಅಂತ ಆರ್ಚ್‌ಬಿಷಪ್ ಅಪ್ಪಣೆ ಕೊಟ್ಟರು. ಆ ಕಾಲದ ಒಂದು ಚರಿತ್ರೆಯಲ್ಲಿ ಇದು ದಾಖಲಾಗಿದೆ.

ಆ ಹೆಂಗಸಿನ ಹೆಸರನ್ನೂ ಯಾರೂ ಬರೆದಿಲ್ಲ. ಆದರೆ ಅವಳು ಕೇಳಿದ್ದು ಬೆಟಗೇರಿ ಅಕ್ಕನ ತಾಯಿ ಹೇಳಿದ್ದೇ ಅಲ್ವಾ? ನನ್ನನ್ನೂ ಸೇರಿಸಿಕೋ ಅಂತ.

---

ದಾಸರ_ಮನೆ | ಗುರುವಾರ ಸಂಜೆ 5:40

ನಾನು ಕ್ರೈಸ್ತಳಲ್ಲ, ಮಾಧ್ವರ ಮನೆಯವಳು. ಓದುತ್ತಾ ಓದುತ್ತಾ ಸುಮ್ನೆ ಇರೋಕೆ ಆಗಲಿಲ್ಲ. ನಮ್ಮ ಪುರಂದರದಾಸರ ಕಥೆ ಎಲ್ಲರಿಗೂ ಗೊತ್ತು. ನವಕೋಟಿ ನಾರಾಯಣ ಅನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕ ಎಲ್ಲ ದಾನ ಮಾಡಿ ತಂಬೂರಿ ಹಿಡಿದದ್ದು. ಅಲ್ಲಿ ಮೊದಲು ಕೊಟ್ಟದ್ದು ಅವರಲ್ಲ, ಹೆಂಡತಿ ಸರಸ್ವತಿಬಾಯಿ. ಬಾಗಿಲಿಗೆ ಬಂದ ಬಡವನಿಗೆ ಮೂಗುತಿ ಬಿಚ್ಚಿ ಕೊಟ್ಟರು. ಗಂಡನದ್ದಲ್ಲ, ತವರಿನವರು ಕೊಟ್ಟದ್ದು. ತನ್ನದು ಅನ್ನುವುದನ್ನು ತಾನೇ ಬಿಚ್ಚಿ ಕೊಟ್ಟರು. ಆಮೇಲೆ ನಾಯಕರು ಬದಲಾದದ್ದು. ನಿಮ್ಮ ಎರಡೆಳೆ ಸರ ನಿಮ್ಮದು ಅಕ್ಕಾ. ಕೊಡುವುದಾದರೂ ನಿಮ್ಮ ಕೈಯಿಂದಲೇ ಹೋಗಲಿ.

---

ಹಾದಿಹೋಕ | ಗುರುವಾರ ರಾತ್ರಿ 9:05

ಎಲ್ಲರೂ ಒಪ್ಪಿದ ಮೇಲೆ ಕೊಡೋಣ ಅಂದರೆ ಯಾರೂ ಯಾವತ್ತೂ ಕೊಡುವುದಿಲ್ಲ. ಅಸ್ಸಿಸಿಯ ಫ್ರಾನ್ಸಿಸರು ಅಪ್ಪನ ಒಪ್ಪಿಗೆಗೆ ಕಾದಿದ್ದರೆ ಬಟ್ಟೆ ಅಂಗಡಿಯಲ್ಲೇ ಮುದುಕರಾಗುತ್ತಿದ್ದರು. 1206ರಲ್ಲಿ ಬಿಷಪ್ಪರ ಎದುರು ಮೈಮೇಲಿನ ಬಟ್ಟೆ ಕೂಡ ಬಿಚ್ಚಿ ಅಪ್ಪನ ಮುಂದಿಟ್ಟರು. ಮನೆಯವರ ಕಣ್ಣೀರು ಎಲ್ಲ ಕಾಲದಲ್ಲೂ ಇತ್ತು. ಹಾಗಂತ ಕರೆ ಸುಳ್ಳಾಗುತ್ತದಾ?

---

ಹಳೆಬ್ರದರ್ | ಗುರುವಾರ ರಾತ್ರಿ 10:30

ಹಾದಿಹೋಕ ಅಣ್ಣಾ, ನಿಮ್ಮ ಮಾತಿನ ಬಿಸಿ ನನಗೆ ಇಷ್ಟ. ನಾನೂ ಆ ಬಿಸಿಯಲ್ಲೇ 19ನೇ ವಯಸ್ಸಿಗೆ ಮಠ ಸೇರಿದವನು. ಆರು ವರ್ಷ ಇದ್ದೆ. ಕೊನೆಗೆ ಇದು ನನ್ನ ದಾರಿಯಲ್ಲ ಅಂತ ತಿಳಿದು ಹೊರಗೆ ಬಂದೆ. ಈಗ ಮದುವೆಯಾಗಿ ಒಬ್ಬ ಮಗ ಇದ್ದಾನೆ.

ಫ್ರಾನ್ಸಿಸರು ಅಪ್ಪನಿಗೆ ವಾಪಸ್ ಕೊಟ್ಟದ್ದು ಅಪ್ಪನ ಬಟ್ಟೆ, ಅಪ್ಪನ ದುಡ್ಡು. ಅವರಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಅದು ಒಂದು. ಇನ್ನೊಂದು, ಬಡತನದ ವ್ರತ ತೊಡಿಸುವ ಚರ್ಚೇ ಅದನ್ನು ಒಂದು ದಿನದಲ್ಲಿ ತೊಡಿಸುವುದಿಲ್ಲ. 1983ರ ಧರ್ಮಸಭೆಯ ಕಾನೂನು ನೋಡಿ. ನೊವಿಶಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ, ಕಡಿಮೆ ಅಂದರೂ 12 ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಅದು ಮೂರು ವರ್ಷಕ್ಕೆ ಕಡಿಮೆ ಇರುವ ಹಾಗಿಲ್ಲ. ಮೊದಲ ವ್ರತಕ್ಕೆ ಮುಂಚೆ ನಮ್ಮ ಆಸ್ತಿಯ ಉಸ್ತುವಾರಿಯನ್ನು ಬೇರೆಯವರಿಗೆ ವಹಿಸುತ್ತೇವೆ, ಆದರೆ ಮಾಲೀಕತ್ವ ನಮ್ಮದೇ. ನಿತ್ಯವ್ರತಕ್ಕೆ ಮುಂಚೆ ವಿಲ್ ಬರೆಯಲೇಬೇಕು. ಕ್ಯಾನನ್ 668 ಇದು. ಅಂದರೆ ಬೆಂಕಿಯಂಥ ಹುಡುಗನಿಗೂ ಚರ್ಚು ಕನಿಷ್ಠ ನಾಲ್ಕು ವರ್ಷ ಕಾಯಿಸುತ್ತದೆ. ನಾನು ಹೊರಗೆ ಬಂದಾಗ ಊರಿನ ಅರ್ಧ ಎಕರೆ ಗದ್ದೆ ಇನ್ನೂ ನನ್ನ ಹೆಸರಿನಲ್ಲೇ ಇತ್ತು. ಆ ಕಾನೂನು ಇಲ್ಲದಿದ್ದರೆ ನಾನು ಮೊದಲ ವಾರದಲ್ಲೇ ಬರೆದುಕೊಡುತ್ತಿದ್ದೆ. ಗಂಡ ಹೆಂಡತಿಯಾಗಿ ಇರುವವರನ್ನಂತೂ ನೊವಿಶಿಯೇಟಿಗೆ ಸೇರಿಸಿಕೊಳ್ಳುವ ಹಾಗೇ ಇಲ್ಲ. ಮದುವೆ ಕೂಡ ಒಂದು ಕರೆ, ಅದಕ್ಕೇ.

ಮಠದಲ್ಲಿ ಕಲಿತ ಒಂದು ವಿಷಯ ಹೇಳುತ್ತೇನೆ. ವಸ್ತು ಬಿಡುವುದು ಸುಲಭ. ನಾನು ವಾಚು ಕೊಟ್ಟೆ, ಮೊಬೈಲು ಕೊಟ್ಟೆ, ಏನೂ ಅನ್ನಿಸಲಿಲ್ಲ. ಆದರೆ ಸೋಪು ಮುಗಿದಾಗ ಹೋಗಿ ಇನ್ನೊಬ್ಬ ಬ್ರದರ್ ಹತ್ತಿರ ಕೇಳಬೇಕಲ್ಲ, ಅಲ್ಲಿ ನನಗೆ ಕಣ್ಣೀರು ಬಂತು. ಬಡತನ ಅಂದರೆ ಕೇಳುವುದು ಅಂತ ಆಗ ಗೊತ್ತಾಯಿತು. ಎಲ್ಲ ಕೊಡುವ ಗಂಡ, ಹೆಂಡತಿಯನ್ನು ಒಂದು ಮಾತು ಕೇಳಲು ಹಿಂಜರಿದರೆ, ಅವನ ಹತ್ತಿರ ಇನ್ನೂ ಏನೋ ಉಳಿದಿದೆ ಅಂತ ಅರ್ಥ.

ಇನ್ನೊಂದೇ ಒಂದು. ಮಾರ್ಕನ 10ನೇ ಅಧ್ಯಾಯ ಓದಿದವರು 7ನೆಯದನ್ನೂ ಓದಲಿ. ತಾಯ್ತಂದೆಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಅಂತ ಹೇಳಿ ಅವರನ್ನು ಕೈಬಿಡುವವರ ಮೇಲೆ ಯೇಸು ಎಷ್ಟು ಸಿಟ್ಟಾಗುತ್ತಾರೆ ನೋಡಿ. ಅತ್ತೆಯವರ ಇನ್ಸುಲಿನ್ ದುಡ್ಡು ಬಡವರ ದುಡ್ಡೇ. ಅವರೂ ಆ ಮನೆಯ ಬಡವರು.

---

ನೀಲಗಿರಿ_ನೋಟ | ಶುಕ್ರವಾರ ಬೆಳಗ್ಗೆ 8:20

ಕೇಳಿ ಕೊಟ್ಟವರ ಕಥೆಯೂ ಒಂದಿರಲಿ. ನಾನು ಊಟಿಯ ಕನ್ನಡಿಗ. 1900ರಿಂದ 1906ರವರೆಗೆ ಇಲ್ಲಿನ ಯೂನಿಯನ್ ಚರ್ಚಿನಲ್ಲಿ ಸಿ.ಟಿ. ಸ್ಟಡ್ ಅನ್ನುವ ಪಾಸ್ಟರ್ ಇದ್ದರು. ಕ್ರಿಕೆಟ್ ಪ್ರಿಯರಿಗೆ ಹೆಸರು ಗೊತ್ತಿರಬಹುದು. 1882ರ ಓವಲ್ ಟೆಸ್ಟಿನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾದ ಮುಂದೆ 7 ರನ್ನಿನಿಂದ ಸೋತಿತಲ್ಲ, ಆ್ಯಶಸ್ ಅನ್ನುವ ಹೆಸರು ಹುಟ್ಟಿದ ಆಟ. ಕೊನೆಗೆ ಒಂದು ಬಾಲೂ ಸಿಗದೆ ಔಟಾಗದೆ ಉಳಿದವರು ಇವರೇ.

ಇವರ ಅಪ್ಪ ಬಿಹಾರದ ತಿರ್ಹುತ್‌ನಲ್ಲಿ ನೀಲಿ ಬೆಳೆಸಿ ಶ್ರೀಮಂತರಾದವರು. ನೀಲಿ ಬೆಳೆಯ ಹಿಂದೆ ನಮ್ಮ ರೈತರ ಎಷ್ಟು ಕಣ್ಣೀರಿತ್ತು ಅಂತ ಹೇಳಬೇಕಾಗಿಲ್ಲ. ಮಗ ಚೀನಾದಲ್ಲಿ ಮಿಷನರಿ ಆಗಿದ್ದಾಗ ಪಾಲಿಗೆ ಬಂದದ್ದು 29,000 ಪೌಂಡ್. 1887ರ ಜನವರಿ 13ರಂದು 5,000 ಪೌಂಡಿನ ನಾಲ್ಕು ಚೆಕ್ ಬರೆದರು. ಅದರಲ್ಲಿ ಒಂದು ಭಾರತಕ್ಕೇ ಬಂತು, ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಬೂತ್ ಟಕ್ಕರ್ ಅವರಿಗೆ. ಟಕ್ಕರ್ ಬ್ರಿಟಿಷ್ ಸರ್ಕಾರದ ಐಸಿಎಸ್ ಅಧಿಕಾರಿ ನೌಕರಿ ಬಿಟ್ಟು, ಫಕೀರ್ ಸಿಂಗ್ ಅಂತ ಹೆಸರಿಟ್ಟುಕೊಂಡು, ಕಾವಿ ತೊಟ್ಟು, ಬರಿಗಾಲಲ್ಲಿ ತಿರುಗಿದವರು. ಬಿಹಾರದಿಂದ ಹೋದ ದುಡ್ಡಿನಲ್ಲಿ ಸ್ವಲ್ಪವಾದರೂ ಹೀಗೆ ವಾಪಸ್ ಬಂತಲ್ಲ ಅಂತ ನನಗೆ ಸಮಾಧಾನ.

1888ರಲ್ಲಿ ಚೀನಾದಲ್ಲೇ ಪ್ರಿಸಿಲ್ಲಾ ಸ್ಟೂವರ್ಟ್ ಜೊತೆ ಮದುವೆ. ಆಗ ಉಳಿದಿದ್ದು 3,400 ಪೌಂಡ್. ಅದನ್ನು ಮದುವೆಗೆ ಮುಂಚೆ ಅವಳ ಕೈಗೆ ಕೊಟ್ಟರು. ಅವಳು ಕೇಳಿದಳಂತೆ: ಆ ಸಿರಿವಂತ ಯುವಕನಿಗೆ ಸ್ವಾಮಿ ಎಷ್ಟು ಮಾರು ಅಂದರು? ಎಲ್ಲಾ ಅಂದರು. ಹಾಗಾದರೆ ಏನೂ ಇಟ್ಟುಕೊಳ್ಳದೆ ಮದುವೆ ಆಗೋಣ ಅಂತ ಅದನ್ನೂ ಕೊಟ್ಟಳು. ಅವಳ ಕೈಗೆ ಬಂದ ಮೇಲೆ ಅವಳು ಕೊಟ್ಟಳು.

ಹಾದಿಹೋಕ ಸರ್, ಕೇಳಿದರೆ ಯಾರೂ ಕೊಡುವುದಿಲ್ಲ ಅಂದಿರಿ. ಇಲ್ಲಿ ಕೇಳಿದ್ದಕ್ಕೇ ಕೊನೆಯ ಕಾಸೂ ಹೋಯಿತು.

---

ಬೆಟಗೇರಿ_ಮಗಳು | ಶುಕ್ರವಾರ ಬೆಳಗ್ಗೆ 9:00

ನೀಲಗಿರಿಯವರೇ, ಕಥೆ ಅಲ್ಲಿಗೆ ನಿಲ್ಲಿಸಬೇಡಿ. ನಮ್ಮಪ್ಪನ ಕಪಾಟಿನಲ್ಲಿ ಸ್ಟಡ್ ಅವರ ಚರಿತ್ರೆ ಇತ್ತು, ನಾನೂ ಓದಿದ್ದೇನೆ. 1913ರಲ್ಲಿ ಅವರು ಆಫ್ರಿಕಾದ ಕಾಂಗೋಗೆ ಹೊರಟಾಗ ಪ್ರಿಸಿಲ್ಲಾಗೆ ಹೃದಯದ ಕಾಯಿಲೆ. ಅವಳಿಗೆ ಮನಸ್ಸಿರಲಿಲ್ಲ. ಆದರೂ ಹೋದರು. 1916ರಲ್ಲಿ ಮತ್ತೆ ಹೋದವರು ತಿರುಗಿ ಬರಲೇ ಇಲ್ಲ. 1928ರಲ್ಲಿ ಅವಳೇ ಅಲ್ಲಿಗೆ ಹೋಗಿ ಎರಡು ವಾರ ನೋಡಿ ಬಂದಳು. 1929ರಲ್ಲಿ ತೀರಿಕೊಂಡಳು. ಅಷ್ಟು ವರ್ಷ ಇಂಗ್ಲೆಂಡಿನಲ್ಲಿ ಕೂತು ಆ ಮಿಷನ್ನಿನ ಕೆಲಸವನ್ನೆಲ್ಲ ನಡೆಸಿದವಳು ಅವಳೇ.

ದುಡ್ಡಿನ ವಿಷಯದಲ್ಲಿ ಕೇಳಿದ ಮನುಷ್ಯ ತನ್ನ ವಿಷಯದಲ್ಲಿ ಕೇಳಲಿಲ್ಲ. ಗಂಡ ಕೂಡ ಮನೆಯ ಸೊತ್ತೇ ಅಲ್ವಾ? ತಂಗೀ, ಹಳ್ಳಿಗೆ ಹೋಗಿ ಸೇವೆ ಮಾಡೋಣ ಅನ್ನುವಾಗ ದಿನಕ್ಕೆ ಎಷ್ಟು ಹೊತ್ತು ಮನೆಯಲ್ಲಿರುತ್ತೀರಿ ಅಂತಲೂ ಕೇಳು.

---

ವಕೀಲೆ_ಧಾರವಾಡ | ಶುಕ್ರವಾರ ಮಧ್ಯಾಹ್ನ 2:45

ಕಾನೂನಿನ ಮಾತು ಸ್ವಲ್ಪ.

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಹಾಗೆ ಮಕ್ಕಳಿಗೆ ಹುಟ್ಟಿನಿಂದ ಪಾಲು ಬರುವುದಿಲ್ಲ. ಅಪ್ಪ ತನ್ನದನ್ನೆಲ್ಲ ದಾನ ಮಾಡಿದರೆ ಮಕ್ಕಳು ತಡೆಯಲಾಗದು. ಅದಕ್ಕೇ ನಿಮ್ಮ ಮಾತಿಗೆ ತೂಕ ಜಾಸ್ತಿ. ಸೈಟು ಇಬ್ಬರ ಹೆಸರಲ್ಲಿದ್ದರೆ ಅವರು ಅವರ ಪಾಲನ್ನು ಮಾತ್ರ ಕೊಡಬಹುದು. ನಿಮ್ಮ ಸಹಿ ಇಲ್ಲದೆ ಪೂರ್ತಿ ಹೋಗುವುದಿಲ್ಲ. ತವರಿನ ಒಡವೆ ನಿಮ್ಮದೇ. ಸ್ಥಿರಾಸ್ತಿಯ ದಾನಪತ್ರ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿಗಳು ಬೇಕು. ಒಮ್ಮೆ ಆದ ಮೇಲೆ ಮನಸ್ಸು ಬದಲಾಯಿತು ಅಂತ ವಾಪಸ್ ಪಡೆಯಲಾಗದು. ಎಲ್ಲ ಕೊಟ್ಟರೂ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿಯ ಜೀವನಾಂಶದ ಹೊಣೆ ತಪ್ಪುವುದಿಲ್ಲ.

ಇನ್ನೊಂದು ಸಂಗತಿ ಇಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಆ ಕಾಯ್ದೆಯಲ್ಲಿ 118ನೇ ಕಲಂ ಅಂತ ಇತ್ತು. ಅಣ್ಣತಮ್ಮನ ಮಕ್ಕಳಷ್ಟು ಹತ್ತಿರದ ಬಂಧುಗಳಿದ್ದರೆ ಕ್ರೈಸ್ತರು ಧರ್ಮಕಾರ್ಯಕ್ಕೆ ವಿಲ್ ಮೂಲಕ ಆಸ್ತಿ ಬಿಡುವುದು ಸುಲಭವಿರಲಿಲ್ಲ. ಸಾಯುವ 12 ತಿಂಗಳ ಮುಂಚೆಯೇ ವಿಲ್ ಬರೆದಿರಬೇಕು, ಬರೆದ ಆರು ತಿಂಗಳೊಳಗೆ ಕಾನೂನು ಹೇಳಿದ ಕಡೆ ಇಟ್ಟಿರಬೇಕು. ಕೇರಳದ ಒಬ್ಬ ಪಾದ್ರಿ ಕೋರ್ಟಿಗೆ ಹೋದರು. 2003ರಲ್ಲಿ ಸುಪ್ರೀಂ ಕೋರ್ಟು ಆ ಕಲಂ ಸಮಾನತೆಗೆ ವಿರುದ್ಧ ಅಂತ ತೆಗೆದುಹಾಕಿತು. ಈಗ ಆ ಅಡ್ಡಿ ಇಲ್ಲ. ಹಾಗಾಗಿ ಬದುಕಿರುವಾಗಲೇ ಎಲ್ಲ ಕೊಡಲೇಬೇಕು ಅಂತಿಲ್ಲ. ಮಕ್ಕಳು ದೊಡ್ಡವರಾಗುವವರೆಗೆ ಇಟ್ಟು, ವಿಲ್‌ನಲ್ಲಿ ಬರೆದರೂ ಆಗುತ್ತದೆ.

ಆ ಫೋನ್ ಮಾಡುವವರ ಬಗ್ಗೆ: ನೋಂದಣಿ, ಲೆಕ್ಕಪತ್ರ, ರಸೀದಿ ಕೇಳಿ. ಕೇಳಿದರೆ ಬೇಜಾರಾಗುವವರಿಗೆ ಕೊಡಬೇಡಿ.

---

ಹಂಚಿನ_ಮನೆ | ಶುಕ್ರವಾರ ಸಂಜೆ 7:10

ಮಂಗಳೂರಿನಿಂದ. ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದ ಮನೆತನ. ನೀವೆಲ್ಲ ಬಿಡುವುದರ ಬಗ್ಗೆ ಬರೆದಿರಿ. ನಮ್ಮ ಹಿರಿಯರು ಬಿಡಲಿಲ್ಲ, ಅವರಿಂದ ಹೋಯಿತು. ದೀಕ್ಷಾಸ್ನಾನ ತೆಗೆದುಕೊಂಡ ದಿನವೇ ಮನೆ, ಗೇಣಿ ಗದ್ದೆ, ಮಾಡುತ್ತಿದ್ದ ಕೆಲಸ ಎಲ್ಲ ಕೈತಪ್ಪುತ್ತಿತ್ತು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಯುವಕ ಮಂಗಳೂರಲ್ಲಿ ಕ್ರೈಸ್ತನಾದಾಗ ಪಟ್ಟಣವೇ ಅಲ್ಲಾಡಿತು. ಹೆಂಡತಿ ಲಕ್ಷ್ಮಿ ಅವರ ಜೊತೆ ಬರಲಿಲ್ಲ. ಇಲ್ಲೂ ಒಬ್ಬ ಹೆಂಡತಿ ನೋಡಿ. ಅವಳ ಕಡೆಯಿಂದ ನೋಡಿದರೆ ಆ ದಿನ ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಜಾತಿ ಬಿಟ್ಟವರ ಆಸ್ತಿ ಹಕ್ಕು ಹೋಗಬಾರದು ಅಂತ ಬ್ರಿಟಿಷರು 1850ರಲ್ಲಿ ಕಾನೂನು ತಂದರು. ಆದರೆ ಜಮೀನೇ ಇಲ್ಲದ ಬಡವರಿಗೆ ಕಾನೂನಿನಿಂದ ಊಟ ಸಿಗಲಿಲ್ಲ. ಅದಕ್ಕೇ ಮಿಷನ್ನಿನವರು ಮಗ್ಗ ಹಾಕಿದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚು ಅಂತ ದೇಶವೆಲ್ಲ ಹೊದಿಸಿಕೊಂಡದ್ದು ಅದನ್ನೇ. ಎಲ್ಲ ಕಳೆದುಕೊಂಡವರಿಗೆ ಕೆಲಸ ಬೇಕಿತ್ತು, ಅದಕ್ಕಾಗಿ ಹುಟ್ಟಿದ ಕಾರ್ಖಾನೆ ಅದು. ನನ್ನ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರು.

ನನಗೆ ಅನ್ನಿಸುವುದು ಇಷ್ಟು. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಜನ ಹೊಲ ಮನೆ ಮಾರಿ ತಂದರು, ಸರಿ. ಆದರೆ ಅವರಲ್ಲಿ ಕೊರತೆಯಿದ್ದವರು ಒಬ್ಬರೂ ಇರಲಿಲ್ಲ ಅಂತಲೂ ಬರೆದಿದೆ. ಕೊಟ್ಟವನನ್ನು ಹಿಡಿದುಕೊಳ್ಳಲು ಸಭೆ ಇತ್ತು. ನಿಮ್ಮ ಯಜಮಾನರು ಎಲ್ಲ ಕೊಟ್ಟ ಮೇಲೆ ಮಗಳ ಫೀಸಿಗೆ ಯಾರು ನಿಲ್ಲುತ್ತಾರೆ? ಫೋನ್ ಮಾಡುವವರು ನಿಲ್ಲುತ್ತಾರಾ?

---

ಹಾದಿಹೋಕ | ಶುಕ್ರವಾರ ರಾತ್ರಿ 11:30

ಎಲ್ಲ ಓದಿದೆ. ನನ್ನ ಮಾತು ಪೂರ್ತಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಕಾಯೋಣ ಕಾಯೋಣ ಅಂತ ಒಳ್ಳೆ ಮನಸ್ಸನ್ನು ಸಾಯಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆದರೆ ಹಂಚಿನ ಮನೆಯವರು ಅಪೊಸ್ತಲರ ಕೃತ್ಯಗಳು ಅಂದಾಗ 5ನೇ ಅಧ್ಯಾಯ ತೆಗೆದು ಮತ್ತೆ ಓದಿದೆ. ಅನನೀಯ, ಸಫೈರ ಹೊಲ ಮಾರಿ ಸ್ವಲ್ಪ ಬಚ್ಚಿಟ್ಟ ಕಥೆ. ಪೇತ್ರ ಅನನೀಯನಿಗೆ ಹೇಳುತ್ತಾನೆ, ಆ ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತಲ್ಲ ಅಂತ. ಅಂದರೆ ಬಲವಂತ ಇರಲಿಲ್ಲ. ತಪ್ಪಾದದ್ದು ಸುಳ್ಳು ಹೇಳಿದ್ದು. ಸುಮಾರು ಮೂರು ಗಂಟೆ ಕಳೆದು ಹೆಂಡತಿ ಬರುತ್ತಾಳೆ. ಪೇತ್ರ ಅವಳನ್ನು ಬೇರೆಯಾಗಿ ಕೇಳುತ್ತಾನೆ. ಗಂಡ ಹೇಳಿದ್ದೇ ಅವಳ ಉತ್ತರ ಅಂತ ಹಿಡಿಯುವುದಿಲ್ಲ. ಮೂವತ್ತು ವರ್ಷದಿಂದ ಆ ಅಧ್ಯಾಯ ಓದುತ್ತಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ಸಹೋದರಿ, ನಿಮ್ಮ ಯಜಮಾನರಿಗೆ ಹೇಳಿ, ನನ್ನನ್ನು ಬೇರೆಯಾಗಿ ಕೇಳಿ ಅಂತ. ಕೇಳಿದಾಗ ನಿಜವಾದದ್ದನ್ನೇ ಹೇಳಿ.

---

ಹಾಸನದ_ಮಗಳು | ಮೊದಲ ಪತ್ರದ ಹನ್ನೊಂದು ದಿನದ ನಂತರ, ಭಾನುವಾರ ಮಧ್ಯಾಹ್ನ 3:20

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ನೀವು ಬರೆದದ್ದನ್ನು ಇವರಿಗೆ ಓದಲು ಕೊಟ್ಟೆ. ರಾತ್ರಿಯೆಲ್ಲ ಓದಿದರು. ಬೆಳಗ್ಗೆ ಕಾಫಿ ಲೋಟ ಹಿಡಿದು ನನ್ನ ಎದುರು ಕೂತು, "ನಾನು ನಿನ್ನನ್ನು ಕೇಳಲೇ ಇಲ್ಲ ಅಲ್ವಾ?" ಅಂದರು. ನನಗೆ ಅಳು ಬಂತು. ಅವರಿಗೂ ಬಂತು.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕೊಡಲು ನನಗೂ ಆಸೆ ಇದೆ. ಮಗಳ ಓದು ಮುಗಿಯದೆ ಸೈಟು ಮಾರಲು ಭಯ ಇದೆ. ನಿಮ್ಮನ್ನು ಹಳ್ಳಿಗಳಿಗೆ ಕಳಿಸಿ ಒಬ್ಬಳೇ ಇರಲು ಮನಸ್ಸಿಲ್ಲ. ಆ ತಂಡದವರಿಗೆ ಕೊಡಲು ಇಷ್ಟ ಇಲ್ಲ. ರಸೀದಿ, ಲೆಕ್ಕ ಕೇಳಿದ ಮೇಲೆ ಅವರ ಫೋನೂ ಬಂದಿಲ್ಲ.

ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು ಅಂತ ನಮಗೆ ಗೊತ್ತಿರಲಿಲ್ಲ. ಹೊರಗೆ ಬಂದು, "ಎಲ್ಲರನ್ನೂ ಕೇಳ್ತಾ ಇದ್ದೀರಿ, ನನ್ನನ್ನು ಯಾರು ಕೇಳಿದಿರಿ?" ಅಂದರು. ಮಾವನವರು ಹೋದಾಗ ಬಂದ ದುಡ್ಡಿನಲ್ಲಿ 40,000 ಅವರ ಪಾಸ್‌ಬುಕ್ಕಿನಲ್ಲಿದೆಯಂತೆ. ನಮಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಅರ್ಧ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹೋಗಲಿ ಅಂದರು. ಇನ್ನರ್ಧ ತಮ್ಮ ಔಷಧಿಗೆ ಬೇಕು ಅಂತಲೂ ಹೇಳಿದರು.

ಹಳೆಬ್ರದರ್ ಅವರ ಮಾತಿನ ಹಾಗೆ ಸೈಟಿನ ವಿಷಯ ಒಂದು ವರ್ಷ ಬಿಟ್ಟಿದ್ದೇವೆ. ಮುಂದಿನ ತಪಸ್ಸುಕಾಲದಲ್ಲಿ ಮತ್ತೆ ಇಬ್ಬರೂ ಕೂತು ಮಾತಾಡುತ್ತೇವೆ. ಒಂದು ಎಫ್‌ಡಿ ಮುರಿಸಿ, ಅತ್ತೆಯ ದುಡ್ಡೂ ಸೇರಿಸಿ ನಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾಲ್ ಸಭೆಗೆ ಕೊಟ್ಟೆವು. ನಾನು ಎರಡು ಬಳೆ ಕೊಟ್ಟೆ, ನನ್ನ ಕೈಯಾರೆ. ಅಮ್ಮನ ಸರ ಇಟ್ಟುಕೊಂಡಿದ್ದೇನೆ. ಇವರು ಶನಿವಾರ ಶನಿವಾರ ಆಸ್ಪತ್ರೆಗೆ ಹೋಗಿ ಕಾಯಿಲೆಯವರ ಜೊತೆ ಕೂರುತ್ತಾರೆ. ಸಂಜೆ ಏಳಕ್ಕೆ ಮನೆಗೆ ಬರುತ್ತೇನೆ ಅಂತ ಮಾತು ಕೊಟ್ಟಿದ್ದಾರೆ.

ಕಾರು ಮೊನ್ನೆ ಹೋಯಿತು. ಇವತ್ತು ಐದೂ ಜನ ಬಸ್ಸಿನಲ್ಲಿ ಪೂಜೆಗೆ ಹೋಗಿ ಬಂದೆವು. ಮಗನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅತ್ತೆಗೆ ಡ್ರೈವರ್ ಹಿಂದಿನದು. ನಾವಿಬ್ಬರೂ ಕಂಬಿ ಹಿಡಿದು ನಿಂತಿದ್ದೆವು.